ದಂಡದ ಕುರಿ

ಜೂನ್ 18, ಗುರುವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಬಾಸು ಊಹದ್ದುವಿನ ಕಲ್ಲಿನ ದೊಡ್ಡಿಯ ಮುಂದೆ ನಾನು ಜೀಪು ನಿಲ್ಲಿಸಿದಾಗ ಒಳಗೆ ಒಂದು ಕುರಿಯೂ ಇರಲಿಲ್ಲ. ಹಿಕ್ಕೆ ಒಣಗಿತ್ತು. ರಾತ್ರಿ ಮಂದೆ ಅಲ್ಲಿ ಮಲಗಿರಲಿಲ್ಲ.

ನಾನು ಬಂದದ್ದು ಓಲೆಗಳ ಪರಿಶೀಲನೆಗೆ. ಹಿಂದಿನ ಚಳಿಗಾಲಕ್ಕೆ ಮೊದಲು ಜಿಲ್ಲಾ ಕಚೇರಿಯವರಾದ ನಾವು ತಿಮ್ಝಿತ್ ಹಳ್ಳಿಯ ಹೆಣ್ಣುಕುರಿಗಳ ಕಿವಿಗೆ ಹಳದಿ ಓಲೆ ಹೊಡೆದಿದ್ದೆವು. ಅಟ್ಲಾಸ್ ಬೆಟ್ಟಗಳಲ್ಲಿ ಕರಗಿಹೋಗಿದ್ದ ಮಂದೆಗಳು ಮತ್ತೆ ಬೆಳೆಯಲಿ ಎಂಬ ಯೋಜನೆ ಅದು. ಓಲೆಯ ಕುರಿಗಳನ್ನು ಮಾರದೆ, ಕೊಯ್ಯದೆ ಬೇಸಿಗೆಯ ಪರಿಶೀಲನೆಯವರೆಗೆ ಉಳಿಸಿಕೊಂಡವರಿಗೆ ತಲೆಗಿಷ್ಟು ದಿರ್ಹಮ್ ಎಂದು ಸಹಾಯಧನ. ಒಂದೇ ಒಂದನ್ನು ಕೊಯ್ದರೂ ಆ ಮನೆಯ ಇಡೀ ಮಂದೆಯ ಹಣ ಹೋಗುತ್ತದೆ. ರೋಗದಿಂದ ಸತ್ತರೆ ಮಾತ್ರ ಪಶುವೈದ್ಯರ ಸಹಿಯ ಮೇಲೆ ವಿನಾಯಿತಿ. ಈ ಕಣಿವೆಗೆ ಪಶುವೈದ್ಯೆ ನಾನೊಬ್ಬಳೇ.

ಸ್ವಲ್ಪ ಹೊತ್ತಿಗೆ ಮಂದೆ ಬಂತು, ಬರಬಾರದ ಕಡೆಯಿಂದ. ದೊಡ್ಡಿಯ ಮೇಲಿನ ದಿಣ್ಣೆ ದಾಟಿದರೆ ಅಗ್ದಾಲ್. ಊರಿನ ಎಲ್ಲ ಮನೆಗಳಿಗೂ ಸೇರಿದ ಒದ್ದೆ ಹುಲ್ಲುಗಾವಲು. ಮಾರ್ಚ್ ಕೊನೆಗೆ ಅದನ್ನು ಮುಚ್ಚಿದರೆ, ಹಿರಿಯರ ಕೂಟ ಗೊತ್ತುಮಾಡಿದ ದಿನದ ಸೂರ್ಯ ಹುಟ್ಟುವವರೆಗೆ ಅಲ್ಲಿ ಹೇಸರಗತ್ತೆಯೂ ಗೊರಸು ಇಡುವಂತಿಲ್ಲ. ಈ ವರ್ಷ ಆ ದಿನ ಜುಲೈ 9. ಆದರೆ ಬಾಸುವಿನ ಕುರಿಗಳು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ಹಸಿರು ಬಾಯಿ ಆಡಿಸುತ್ತ ಇಳಿದು ಬರುತ್ತಿದ್ದವು.

ಊಟೆಯ ಹತ್ತಿರ ಪ್ಲಾಸ್ಟಿಕ್ ಕ್ಯಾನಿಗೆ ನೀರು ಹಿಡಿಯುತ್ತಿದ್ದ ತ್ಲಾಯ್ತ್‌ಮಾಸ್ ಸೊಂಟ ನೆಟ್ಟಗೆ ಮಾಡಿ ನೋಡಿದಳು. ಗಂಡ ಸತ್ತ ಮೇಲೆ ತನ್ನ ಪುಟ್ಟ ಮಂದೆಯನ್ನು ತಾನೇ ಸಾಕುತ್ತಿರುವ ಹೆಂಗಸು. ನಾಲಿಗೆಗೆ ಊರೇ ಹೆದರುತ್ತದೆ.

"ಡಾಕ್ಟರಮ್ಮ, ಕಿವಿ ನೋಡೋಕೆ ಬಂದಿದೀಯ. ಹಾಗೇ ಬಾಯೂ ನೋಡ್ಬಿಡು," ಎಂದಳು.

"ನೀರು ಕುಡಿಸೋಕೆ ಹೋಗಿದ್ವು," ಎಂದ ಬಾಸು, ಮಂದೆಯ ಹಿಂದಿನಿಂದ.

"ನೀರಿಗೆ ಬೇರು ಯಾವಾಗಿಂದ ಬಂತಪ್ಪ?" ಮುಂದಿನ ಕುರಿಯ ಬಾಯಲ್ಲಿ ಬೇರುಸಹಿತ ಕಿತ್ತ ಹುಲ್ಲಿನ ಎಳೆ ನೇತಾಡುತ್ತಿತ್ತು.

ಬಾಸು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದ. ನಲವತ್ತು ದಾಟಿದ, ಅಗಲ ಭುಜದ ಮನುಷ್ಯ. ತಿಮ್ಝಿತ್‌ನಲ್ಲಿ ಪಿಕಪ್ ಗಾಡಿ ಇರುವುದು ಅವನೊಬ್ಬನಿಗೆ. ಹೆರಿಗೆಯ ಹೆಂಗಸು, ಹಾವು ಕಚ್ಚಿದವನು, ಯಾರನ್ನೇ ಪೇಟೆಯ ಆಸ್ಪತ್ರೆಗೆ ಸಾಗಿಸಬೇಕಾದರೂ ಅವನ ಬಾಗಿಲು ತಟ್ಟಬೇಕು. ಅದು ಅವನಿಗೂ ಗೊತ್ತಿತ್ತು.

"ಲೆಕ್ಕ ಮಾಡ್ಕೊ ಡಾಕ್ಟರಮ್ಮ. ನನಗೆ ಬೇರೆ ಕೆಲಸ ಇದೆ," ಎಂದ.

ನಾನು ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯನ್ನು ಒಳಗೆ ಬಿಟ್ಟು ಓಲೆ ನೋಡಿದೆ. ಎಲ್ಲವೂ ಇದ್ದವು. ಅಷ್ಟರಲ್ಲಿ ಇಶ್ಶು ಔಮಾದಿ ದಿಣ್ಣೆ ಇಳಿದು ಬಂದ. ಈ ವರ್ಷಕ್ಕೆ ಕೂಟ ಆರಿಸಿದ ಹುಲ್ಲಿನ ಯಜಮಾನ ಅವನು; ಹಿರಿಯನಾದ್ದರಿಂದ ಊರಿಗೆಲ್ಲ ದಾದಾ. ಎಡಗಾಲು ಕುಂಟು, ಕಂದು ಜಲ್ಲಾಬ ನಿಲುವಂಗಿಯ ಅಂಚು ಒದ್ದೆ, ಕೈಯಲ್ಲಿ ಜೂನಿಪರ್ ಮರದ ಕೋಲು. ಕುರಿಗಳ ಹೆಜ್ಜೆ ಹಿಡಿದೇ ಬಂದಿದ್ದ. ಬಂದವನು ಸಲಾಮು ಹೇಳಲಿಲ್ಲ.

"ನಿನ್ನೆ ಸಂಜೆಯಿಂದ ಮೇಯ್ಸಿದೀಯ," ಎಂದ ಬಾಸುವಿಗೆ. "ಅಲ್ಲೇ ಮಲಗ್ಸಿದೀಯ. ಹಿಕ್ಕೆ ಇನ್ನೂ ಬೆಚ್ಚಗಿದೆ."

"ಹೌದು. ಏನೀಗ?"

"ಏನೂ ಇಲ್ಲ. ದಂಡ. ಒಂದು ಕುರಿ, ನಾನು ಕೈ ತೋರಿಸಿದ್ದು. ಇವತ್ತೇ ಸಾಯಂಕಾಲ ಅಸರ್ ನಮಾಜ್ ಆದ್ಮೇಲೆ, ಸೂರ್ಯ ಮುಳುಗೋ ಮುಂಚೆ ಕೊಯ್ಯೋದು, ಊರೆಲ್ಲ ತಿನ್ನೋದು. ನಿಮ್ಮಜ್ಜನೂ ಒಂದ್ಸಲ ಕೊಟ್ಟಿದಾನೆ, ಹೊಸದೇನಲ್ಲ."

ಬಾಸು ನಕ್ಕ. ಆ ನಗುವನ್ನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡು ಬಂದಿದ್ದನೆಂದು ಕಾಣುತ್ತದೆ.

"ತೋರ್ಸು ದಾದಾ, ಯಾವ್ದು ಬೇಕೋ ತೋರ್ಸು. ಟಗರೆಲ್ಲ ಹಬ್ಬಕ್ಕೆ ಮಾರಿದೀನಿ. ಮರಿ ದಂಡಕ್ಕೆ ನಡೆಯಲ್ಲ ಅನ್ನೋದು ನಿಮ್ಮದೇ ಕಾನೂನು. ಉಳಿದಿದ್ದು ಹೆಣ್ಣುಕುರಿ. ಒಂದೊಂದಕ್ಕೂ ಸರ್ಕಾರ ಓಲೆ ಹಾಕಿದೆ." ನನ್ನ ಕಡೆ ತಿರುಗಿದ. "ಹೇಳು ಡಾಕ್ಟರಮ್ಮ. ಓಲೆ ಕುರಿ ಕೊಯ್ದ್ರೆ ಏನಾಗುತ್ತೆ?"

ನಾನು ನಿಯಮ ಹೇಳಿದೆ, ಅದು ಇವತ್ತಿಡೀ ದಿನಕ್ಕೂ ಅನ್ವಯ ಎಂದೂ ಹೇಳಿದೆ. ನಿಯಮವನ್ನು ಮೆತ್ತಗೆ ಹೇಳುವ ದಾರಿ ನನಗೆ ತಿಳಿಯದು.

ಇಶ್ಶು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿನ್ನಪ್ಪ ಕೆಳಗಿನ ಊರಲ್ಲಿ ಎರಡು ವರ್ಷ ಹುಲ್ಲು ಕಾದೋನು. ಮಗಳು ಹುಲ್ಲುಗಳ್ಳರಿಗೆ ಓಲೆ ಹಂಚ್ತಾ ಇದಾಳೆ."

"ನಾನು ಕುರಿಗೆ ಹಾಕಿದ್ದು ದಾದಾ. ನಿನ್ನ ಕುರಿಗೂ ಹಾಕಿದೀನಿ."

"ನನ್ನ ಕುರಿ ದಿಣ್ಣೆ ದಾಟಿಲ್ಲ."

"ದಾಟದೆ ಏನ್ ಮಾಡ್ಲಿ?" ಬಾಸುವಿನ ದನಿ ಈಗ ಏರಿತು, ಅದೂ ನನ್ನ ಮೇಲೆಯೇ. "ಮಾರ್ಬೇಡ ಅಂದೆ, ಮಾರ್ಲಿಲ್ಲ. ಕೊಯ್ಬೇಡ ಅಂದೆ, ಕೊಯ್ಲಿಲ್ಲ. ಹೊಟ್ಟೆಗೇನ್ ಹಾಕ್ಲಿ ಅಂತ ಹೇಳ್ದೆಯಾ? ಬಾರ್ಲಿ ಮೂಟೆ ಬೆಲೆ ಕೇಳಿದ್ರೆ ಮುಟ್ಟೋ ಹಾಗಿಲ್ಲ. ನಮ್ಮ ಗುಡ್ಡದಲ್ಲಿ ಕಲ್ಲು ಬಿಟ್ರೆ ಏನಿದೆ?"

"ನಿನ್ನ ಭಾವ ಕಾಸಾಬ್ಲಾಂಕಾದಿಂದ ಲಾರಿ ತುಂಬ ಕುರಿ ಕಳಿಸ್ದಾಗಲೇ, ಹುಲ್ಲೂ ಕಳ್ಸು ಅಂತ ಹೇಳ್ಬೇಕಿತ್ತು," ಎಂದಳು ತ್ಲಾಯ್ತ್‌ಮಾಸ್. "ಓಲೆಗೋಸ್ಕರ ತಂದ ಕುರಿ. ನಮ್ಮ ಹೆಣ್ಮಕ್ಕಳ ಕಿವಿ ಬೋಳು ಬೋಳು, ಇವನ ಕುರಿಗಳು ಮದುಮಕ್ಕಳ ಹಾಗೆ ಮೆರೀತವೆ."

ಅವಳು ಹೇಳಿದ್ದು ನಿಜ. ಓಲೆ ಹೊಡೆಯುವ ಹಿಂದಿನ ವಾರ ಬಾಸುವಿನ ಮಂದೆ ಒಮ್ಮೆಲೇ ಎರಡರಷ್ಟಾಗಿತ್ತು. ಆಗ ನಾನು ಕೇಳಲಿಲ್ಲ. ಎಲ್ಲಿಂದ ಬಂತು ಎಂದು ಕೇಳುವ ಜಾಗ ನಮ್ಮ ಫಾರಂನಲ್ಲಿ ಇರಲಿಲ್ಲ.

ಇಶ್ಶು ಕೋಲಿನಿಂದ ನನಗೆ ದಿಣ್ಣೆ ತೋರಿಸಿದ. "ಬಾ. ಅಳೆ. ನಿನ್ನ ಅಳತೆಗೋಲೂ ಸಾಕ್ಷಿ ಹೇಳ್ಲಿ."

ಓದುವಾಗ ನಾನು ಈ ಅಗ್ದಾಲಿನ ಮೇಲೆಯೇ ಪ್ರಬಂಧ ಬರೆದಿದ್ದೆ. ಆಗ ನೆಟ್ಟ ಏಳು ಕಬ್ಬಿಣದ ಗೂಟಗಳು ಇನ್ನೂ ಇವೆ. ತೆರೆಯುವ ದಿನ ಮಂದೆಗಳು ನುಗ್ಗುವ ಮೊದಲು ಪ್ರತಿ ಗೂಟದ ಪಕ್ಕ ಹುಲ್ಲಿನ ಎತ್ತರ ಅಳೆಯುವುದು ಈಗಲೂ ಬಿಡದ ಅಭ್ಯಾಸ. ಸಾಧನ ಸರಳ: ಗೆರೆ ಕೊರೆದ ಕೋಲು, ಅದರ ಮೇಲೆ ಜಾರುವ ಹಗುರವಾದ ತಟ್ಟೆ. ತಟ್ಟೆ ಹುಲ್ಲಿನ ತುದಿಗೆ ತಾಗಿದ ಕಡೆ ಓದಬೇಕು.

ಏಳನೆಯ ಗೂಟದ ಹತ್ತಿರ, ಕುರಿ ಹೋಗದ ಕಡೆ, ಒಂಬತ್ತು ಸೆಂಟಿಮೀಟರ್ ಇತ್ತು. ಮೂರನೆಯದರ ಹತ್ತಿರ, ಬಾಸುವಿನ ಮಂದೆ ರಾತ್ರಿ ಕಳೆದಲ್ಲಿ, ಎರಡು. ಗೊರಸಿನ ಗುಂಡಿಗಳಲ್ಲಿ ನೀರು ನಿಂತಿತ್ತು. ಹುಲ್ಲು ಆಗಷ್ಟೇ ತೆನೆ ಬಿಡುತ್ತಿತ್ತು. ಬೀಜ ಬಲಿತು ಉದುರುವ ಮೊದಲು ಮೇಯ್ದರೆ ಮುಂದಿನ ವರ್ಷ ಅಲ್ಲಿ ಮುಳ್ಳು ಬರುತ್ತದೆ, ಅದರ ಮುಂದಿನ ವರ್ಷ ಮಣ್ಣೇ ಇರುವುದಿಲ್ಲ. ಹನ್ನೆರಡು ಸೆಂಟಿಮೀಟರ್ ಆಗುವ ಹೊತ್ತಿಗೆ ಬೀಜ ಬಲಿತಿರುತ್ತದೆ ಎಂಬುದು ನನ್ನ ಅಳತೆ. ಹಳದಿ ಹೂವು ಕಂದಾದ ಮೇಲೆ ತೆರೆ ಎಂಬುದು ಕೂಟದ ಅಳತೆ. ಎರಡೂ ಹೆಚ್ಚುಕಡಿಮೆ ಒಂದೇ ವಾರಕ್ಕೆ ಬೀಳುತ್ತವೆ.

"ಎಷ್ಟು?"

"ಇಲ್ಲಿ ಎರಡು."

"ಇವತ್ತು ದಂಡ ಆಗ್ಲಿಲ್ಲ ಅಂದ್ರೆ ನಾಳೆ ಎಲ್ಲಾ ಕಡೆ ಎರಡು," ಎಂದ ಇಶ್ಶು.

ಅಸರ್ ನಮಾಜಿನ ನಂತರ ಮಸೀದಿಯ ಪಕ್ಕದ ಅಕ್ರೋಟ್ ಮರದ ಕೆಳಗೆ ಕೂಟ ಸೇರಿತು. ನನ್ನ ಉಳಿದ ಪರಿಶೀಲನೆ ಮುಗಿದಿತ್ತು; ಊರಿನ ಎಲ್ಲ ಓಲೆಗಳೂ ಸರಿಯಾಗಿದ್ದವು. ನನ್ನನ್ನು ಹೋಗು ಎಂದು ಯಾರೂ ಹೇಳಲಿಲ್ಲ, ಕೂರು ಎಂದೂ ಹೇಳಲಿಲ್ಲ. ಚಹಾದ ಲೋಟಗಳ ಸುತ್ತು ನನ್ನನ್ನು ದಾಟಿಕೊಂಡು ಹೋಯಿತು.

ಬಾಸು ಜೇಬಿನಿಂದ ನೋಟಿನ ಕಟ್ಟು ತೆಗೆದು ಜಮಖಾನೆಯ ಮೇಲೆ ಇಟ್ಟ. "ಕುರಿ ಬೆಲೆಗಿಂತ ಜಾಸ್ತಿನೇ ಇದೆ. ಪೇಟೆಯಿಂದ ಮಾಂಸ ತನ್ನಿ, ತಿನ್ನಿ. ನನ್ನ ಗಾಡೀಲೇ ತಂದ್ಕೊಡ್ತೀನಿ."

ಕೆಲವರು ಒಬ್ಬರ ಮುಖ ಒಬ್ಬರು ನೋಡಿದರು. ಹಮ್ಮಾದಿ ಎಂಬ ಮುದುಕ ಗಡ್ಡ ಕೆರೆದುಕೊಂಡ. "ಕೆಟ್ಟ ಮಾತೇನಲ್ಲ ಇಶ್ಶು. ಕಾಲ ಬದಲಾಗಿದೆ."

"ಎತ್ಕೊ ಅದನ್ನ," ಎಂದ ಇಶ್ಶು ಬಾಸುವಿಗೆ. "ದುಡ್ಡು ತಗೊಂಡ್ರೆ ಅಗ್ದಾಲ್‌ಗೆ ಟಿಕೆಟ್ ಇಟ್ಟ ಹಾಗೆ. ನಾಳೆ ಇನ್ನೊಬ್ಬ ದುಡ್ಡು ಎಸೆದು ನುಗ್ತಾನೆ. ತಪ್ಪು ಮಾಡಿದ ದೊಡ್ಡಿಯಿಂದಲೇ ಕುರಿ ಬರ್ಬೇಕು, ಎಲ್ರ ಮುಂದೆ ಕೊಯ್ಬೇಕು, ಎಲ್ರೂ ತಿನ್ಬೇಕು. ತಿಂದ ಬಾಯಿಗೆ ಋಣ ಇರುತ್ತೆ. ದಂಡದ ಮಾಂಸ ತಿಂದೋನು ಆ ವರ್ಷ ಗಡಿ ದಾಟಿದ್ದು ನೀವ್ಯಾರಾದ್ರೂ ಕಂಡಿದೀರಾ?"

ಯಾರೂ ಕಂಡಿರಲಿಲ್ಲ.

"ಕೊಯ್ದ್ರೆ ನನ್ನ ಇಡೀ ಮಂದೆ ಹಣ ಹೋಗುತ್ತೆ," ಎಂದ ಬಾಸು. "ಒಂದು ರಾತ್ರಿ ಹುಲ್ಲಿಗೆ ಅಷ್ಟು ದಂಡ ಯಾವ ಅಜ್ಜನ ಕಾಲದಲ್ಲಿತ್ತು? ನ್ಯಾಯ ಹೇಳಿ."

ಆ ಮಾತಿನಲ್ಲಿ ತೂಕವಿತ್ತು. ಕೂತಿದ್ದ ಪ್ರತಿಯೊಬ್ಬರ ದೊಡ್ಡಿಯಲ್ಲೂ ಹಳದಿ ಓಲೆಗಳಿದ್ದವು. ಇವತ್ತು ಬಾಸುವಿಗೆ ಆದದ್ದು ಮುಂದಿನ ಬೇಸಿಗೆಯಲ್ಲಿ ತಮಗೂ ಆಗಬಹುದು.

"ಅವನ ಕುರಿಗೆ ದಂಡ ಇಲ್ಲ ಅಂದ್ರೆ ನಾಳೆ ಬೆಳಗ್ಗೆ ನಮ್ಮವೂ ಮೇಲೆ ಹೋಗ್ತವೆ," ಎಂದ ಹಿಂದಿನ ಸಾಲಿನಿಂದ ಒಬ್ಬ. "ಹಸಿದಿರೋದು ಇವನ ಕುರಿ ಒಂದೇ ಅಲ್ಲ." ಅದಕ್ಕೆ ಹೂಂಗುಟ್ಟಿದವರು ಕಡಿಮೆಯೇನಿರಲಿಲ್ಲ.

ಆಗ ಬಾಸು ದನಿ ತಗ್ಗಿಸಿದ. "ಸರಿ. ಕುರಿ ಕೊಡ್ತೀನಿ, ನೀನು ಆರಿಸಿದ್ದೇ ಕೊಡ್ತೀನಿ. ಕೊಯ್ಯಿರಿ, ತಿನ್ನಿ. ಡಾಕ್ಟರಮ್ಮ ಅದು ಹೊಟ್ಟೆಯುಬ್ಬರ ಬಂದು ಸತ್ತೋಯ್ತು ಅಂತ ಬರೀಲಿ. ಹಸಿ ಹುಲ್ಲು ತಿಂದ ಕುರಿ, ಉಬ್ಬರ ಬರೋದೇನು ಆಶ್ಚರ್ಯ? ನಿಮ್ಮ ದಂಡವೂ ಉಳೀತು, ನನ್ನ ಹಣವೂ ಉಳೀತು."

ಕೂಟದಲ್ಲಿ ಹಗುರವಾದ ಗುಜುಗುಜು ಎದ್ದಿತು. ಹಮ್ಮಾದಿ ಮೊದಲ ಬಾರಿಗೆ ನನ್ನ ಮುಂದೆ ಒಂದು ಲೋಟ ಚಹಾ ಸರಿಸಿದ. "ಬರೀತೀಯಲ್ಲ ಮಗಳೇ? ಒಂದು ಸಾಲು."

ಒಂದು ಸಾಲೇ. ಕಚೇರಿಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಹುಲ್ಲುಗಾವಲು ಉಳಿಯುತ್ತಿತ್ತು. ಸುಳ್ಳು ಒಂದು, ಒಳಿತು ಎರಡು ಎಂದು ಮನಸ್ಸಿನಲ್ಲಿ ತೂಗಿ, ಪೆನ್ನಿನ ಮುಚ್ಚಳ ತೆಗೆದೆ.

"ಬರೆಯೋ ಮೊದ್ಲು ಓದಿ ಹೇಳು," ಎಂದ ಇಶ್ಶು. "ಏನಂತ ಬರೀತೀಯ?"

"ಹೆಣ್ಣುಕುರಿ ಒಂದು. ಹೊಟ್ಟೆಯುಬ್ಬರದಿಂದ ತಾನಾಗಿ ಸತ್ತಿದೆ. ತಾರೀಖು, ಸಹಿ, ಮೊಹರು."

"ಸತ್ತಿದೆ."

"ಹೌದು."

"ಆಮೇಲೆ ತಿಮ್ಝಿತ್‌ನವರು ಅದನ್ನ ತಿಂದ್ರು."

ಪೆನ್ನು ನನ್ನ ಕೈಯಲ್ಲೇ ನಿಂತಿತು. ಅಲ್ಲಾಹನ ಹೆಸರು ಹೇಳಿ ಕೊಯ್ಯದ, ತಾನಾಗಿ ಸತ್ತ ಪ್ರಾಣಿ ಹೆಣ. ಅದನ್ನು ತಿನ್ನುವುದು ಹರಾಮ್. ನನ್ನ ಮೊಹರು ಬಿದ್ದರೆ, ಇಡೀ ಊರು ಹಿರಿಯರ ಸಮ್ಮುಖದಲ್ಲಿ ಹೆಣ ತಿಂದಿತೆಂದು ಸರ್ಕಾರವೇ ದೃಢೀಕರಿಸಿದಂತೆ ಆಗುತ್ತಿತ್ತು.

"ಆ ಕಾಗದ ಯಾರ ಕೈಲಿರುತ್ತೆ?" ಎಂದು ಇಶ್ಶು ಕೇಳಿದ.

"ಮಾಲೀಕನ ಕೈಲಿ," ಎಂದೆ. "ಬಾಸು ಕೈಲಿ."

"ಓಹೋ," ಎಂದಳು ತ್ಲಾಯ್ತ್‌ಮಾಸ್, ಹೆಂಗಸರ ಗುಂಪಿನಿಂದ. "ಮಂಗಳವಾರದ ಸಂತೇಲಿ ಮಡಿಚಿ ಜೇಬಲ್ಲಿಟ್ಕೊಂಡು ತಿರುಗ್ತಾನೆ. ಮುಂದಿನ ವರ್ಷ ಯಾರಾದ್ರೂ ದಂಡ ಅಂದ್ರೆ ತೆಗೆದು ತೋರಿಸ್ತಾನೆ. ಹೆಣ ತಿಂದ ಬಾಯಿ, ನನಗೆ ದಂಡ ಹಾಕುತ್ತಾ ಅಂತ."

ಬಾಸು ಅಷ್ಟು ದೂರ ಯೋಚಿಸಿದ್ದನೋ ಇಲ್ಲವೋ ನನಗೆ ಇವತ್ತಿಗೂ ಖಚಿತವಿಲ್ಲ. ಆದರೆ ಇಲ್ಲ ಎಂದು ಅವನು ಹೇಳಲಿಲ್ಲ. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಹಮ್ಮಾದಿ ನನ್ನ ಮುಂದಿದ್ದ ಲೋಟವನ್ನು ಹಿಂದಕ್ಕೆ ಎಳೆದುಕೊಂಡ.

ಇಶ್ಶು ಎದ್ದು ಕುಂಟುತ್ತ ತನ್ನ ಮನೆಯ ಕಡೆ ಹೋದ. ಯಜಮಾನಿಕೆಯ ಕೋಲು ಜಮಖಾನೆಯ ಮೇಲೆಯೇ ಇತ್ತು. ಬಿಟ್ಟುಕೊಟ್ಟನೆಂದು ಎಲ್ಲರೂ ತಿಳಿದರು. ಬಾಸು ನೋಟಿನ ಕಟ್ಟನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ನಾಳೆ ಯಾವ ಕಡೆಯಿಂದ ದಿಣ್ಣೆ ಹತ್ತುವುದೆಂದು ಆಗಲೇ ಮಾತಾಡುತ್ತಿದ್ದರು.

ಇಶ್ಶು ತಿರುಗಿ ಬಂದಾಗ ಅವನ ಹಿಂದೆ ಹಗ್ಗದಲ್ಲಿ ಒಂದು ಹೆಣ್ಣುಕುರಿ ಇತ್ತು. ನಾಲ್ಕು ಹಲ್ಲಿನ ಹರೆಯದ್ದು, ಕಪ್ಪು ಮುಖದ್ದು, ಅವನ ದೊಡ್ಡಿಯಲ್ಲೇ ಒಳ್ಳೆಯದು. ಅವತ್ತು ಬೆಳಗ್ಗೆ ಅದರ ಓಲೆಯನ್ನು ನಾನೇ ನೋಡಿದ್ದೆ.

"ದಾದಾ," ಎಂದೆ, ಎದ್ದು ನಿಂತು. "ನಿನ್ನ ಹಣ ಪೂರ್ತಿ ಹೋಗುತ್ತೆ. ಪರಿಶೀಲನೆ ಇವತ್ತಿಡೀ ದಿನದ್ದು. ಸೂರ್ಯ ಮುಳುಗೋವರೆಗೆ ಕಾದ್ರೆ..."

"ಸೂರ್ಯ ಮುಳುಗಿದ್ರೆ ಇವರೆಲ್ಲ ದಿಣ್ಣೆ ಹತ್ತಿರ್ತಾರೆ." ಕುರಿಯನ್ನು ನಮಾಜಿನ ದಿಕ್ಕಾದ ಕಿಬ್ಲಾದ ಕಡೆ ಮಲಗಿಸಿದ. "ಬಾಸು ಊಹದ್ದು ಅಗ್ದಾಲ್ ಮುರಿದ. ಅವನ ದೊಡ್ಡಿಯಲ್ಲಿ ದಂಡಕ್ಕೆ ಆಗೋ ಕುರಿ ಇಲ್ಲ, ಎಲ್ಲಾ ಸರ್ಕಾರದ್ದು. ಅದಕ್ಕೆ ನನ್ನ ದೊಡ್ಡಿಯಿಂದ ತಂದಿದೀನಿ. ಬಿಸ್ಮಿಲ್ಲಾ." ದನಿ ಎತ್ತರಿಸಿ, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದ. ಚಾಕು ಹರಿತವಾಗಿತ್ತು.

ಆಮೇಲೆ ಓಲೆಯಿದ್ದ ಕಿವಿಯನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟ. ಇನ್ನೂ ಬೆಚ್ಚಗಿತ್ತು.

"ಕೊಯ್ದದ್ದು ಅಂತ ಬರಿ. ಸತ್ತದ್ದು ಅಂತ ಬರೆದ್ರೆ ನಿನ್ನ ಜೀಪು ಈ ಊರೊಳಗೆ ಬರಲ್ಲ."

ಅವನ ಮುಂದೆಯೇ ಬರೆದೆ. ಆ ಒಂದು ಪದಕ್ಕೆ ಅವನ ಚಳಿಗಾಲದ ಬಾರ್ಲಿ ಕೊಳ್ಳುವ ಹಣ ಪೂರ್ತಿ ಹೋಯಿತು. ಅದೇ ಹಾಳೆಯ ಮೇಲಿನ ಸಾಲಿನಲ್ಲಿ, ಬಾಸು ಊಹದ್ದುವಿನ ಮಂದೆ ಸಂಪೂರ್ಣ, ಹಣಕ್ಕೆ ಅರ್ಹ ಎಂದು ಬೆಳಗ್ಗೆಯೇ ಬರೆದಾಗಿತ್ತು. ಎರಡೂ ಸತ್ಯ. ಎರಡಕ್ಕೂ ನನ್ನದೇ ಸಹಿ.

ಮಾಂಸ ಬೆಂದು ಬಾರ್ಲಿ ರೊಟ್ಟಿ ಬಂದಾಗ ಬಿಸಿಲು ಇಳಿದಿತ್ತು. ದಂಡದ ಊಟದಲ್ಲಿ ತಪ್ಪು ಮಾಡಿದವನೇ ಮೊದಲ ತುತ್ತು ಎತ್ತಬೇಕು. ಎತ್ತಿದರೆ ತಪ್ಪು ಅಲ್ಲಿಗೆ ಮುಗಿಯಿತು. ಅದರ ಮಾತು ಮತ್ತೆ ಯಾರೂ ಆಡುವಂತಿಲ್ಲ. ಎತ್ತದಿದ್ದರೆ ಅವನ ಒಲೆ ಬೇರೆ; ಊರಿನವರು ಯಾರೂ ಅವನ ಕೆಲಸಕ್ಕೆ ಹೋಗುವುದಿಲ್ಲ. ಇಶ್ಶು ತಟ್ಟೆಯನ್ನು ಬಾಸುವಿನ ಕಡೆ ತಳ್ಳಿದ.

"ನಾನು ಕೊಡದೆ ಇರೋ ದಂಡ ನಾನ್ಯಾಕೆ ತಿನ್ಲಿ?" ಎಂದ ಬಾಸು. "ನಿನ್ನ ಕುರಿ, ನಿನ್ನ ಹುಚ್ಚು. ನೀನೇ ತಿನ್ನು."

"ತಿನ್ಬೇಡ."

ಬಾಸು ಸುತ್ತಲೂ ನೋಡಿದ. "ನಿಮಗೆಲ್ಲ ನಾಳೆ ಆಸ್ಪತ್ರೆ ಬೇಕಾಗಲ್ವಾ? ಇವನ ಹೇಸರಗತ್ತೆ ಮೇಲೆ ಹೋಗ್ತೀರಾ?"

ಬಹಳ ಹೊತ್ತು ಯಾರ ಕೈಯೂ ತಟ್ಟೆಗೆ ಹೋಗಲಿಲ್ಲ. ಕೊಬ್ಬು ಆರಿ ಬೆಳ್ಳಗಾಗತೊಡಗಿತು. ಆಗ ತ್ಲಾಯ್ತ್‌ಮಾಸ್ ಹೆಂಗಸರ ಗುಂಪಿನಿಂದ ಎದ್ದು, ಗಂಡಸರ ಜಮಖಾನೆ ತುಳಿದುಕೊಂಡೇ ಬಂದು, ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು.

"ಉಪ್ಪು ಕಮ್ಮಿ," ಎಂದಳು.

ಹಮ್ಮಾದಿ ಎರಡನೆಯವನು. ಆಮೇಲೆ ಹಿಂದಿನ ಸಾಲು. ನಾಳೆ ದಿಣ್ಣೆ ಹತ್ತುವ ಮಾತಾಡಿದವನು ಕೊನೆಗೆ, ತಲೆ ತಗ್ಗಿಸಿಕೊಂಡು, ಮೂಳೆಗೆ ಅಂಟಿದ್ದನ್ನು ಕಚ್ಚಿದ. ನನ್ನನ್ನು ಯಾರೂ ಕರೆಯಲಿಲ್ಲ. ಬಾಸುವಿನ ಪಿಕಪ್ ಶುರುವಾದ ಸದ್ದು ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ.

ಮತ್ತೆ ನಾನು ತಿಮ್ಝಿತ್‌ಗೆ ಹೋದದ್ದು ಜುಲೈ 9ರ ಬೆಳಗಿನ ಜಾವ. ಅಗ್ದಾಲಿನ ಗಡಿಯ ಕಲ್ಲುಗಳ ಹೊರಗೆ ಮಂದೆಗಳು ಒತ್ತಾಗಿ ನಿಂತಿದ್ದವು. ಎಲ್ಲದರ ತುದಿಗೆ, ನಡುವೆ ಒಂದು ಗದ್ದೆಯಷ್ಟು ಜಾಗ ಬಿಟ್ಟು, ಬಾಸುವಿನ ಮಂದೆ. ಉಣ್ಣೆ ಕತ್ತರಿಸಲು ಊರಿನವರು ಯಾರೂ ಹೋಗದ ಕಾರಣ ಕೆಳಗಿನಿಂದ ಕೂಲಿಯವರನ್ನು ತರಿಸಿದ್ದನಂತೆ. ಕತ್ತರಿಯ ಗಾಯಗಳು ಕುರಿಗಳ ಮೈಮೇಲೆ ಕಾಣುತ್ತಿದ್ದವು.

"ಹಣ ಬಂತು ಡಾಕ್ಟರಮ್ಮ," ಎಂದ ನನ್ನನ್ನು ಕಂಡು, ಎಲ್ಲರಿಗೂ ಕೇಳುವ ಹಾಗೆ. "ಪೂರ್ತಿ."

ನಾನು ತಲೆಯಾಡಿಸಿ ಮುಂದೆ ನಡೆದೆ.

ಇಶ್ಶು ಗಡಿಯ ಕಲ್ಲಿನ ಮೇಲೆ ಕೂತಿದ್ದ. ಅವನ ಮಂದೆ ಚಿಕ್ಕದಾಗಿತ್ತು. ಬಾರ್ಲಿಗಾಗಿ ಆಗಲೇ ಕೆಲವನ್ನು ಮಾರಿದ್ದಾನೆಂದು ಕೇಳದೆಯೇ ತಿಳಿಯುತ್ತಿತ್ತು.

"ಸರ್ಕಾರದ ದುಡ್ಡಿಲ್ಲ ಅಂದ್ಮೇಲೆ ಸರ್ಕಾರದ ಓಲೆ ಯಾಕೆ?" ಎಂದ. "ಕಿತ್ಕೊಂಡು ಹೋಗು."

"ಕಿತ್ತರೆ ಕಿವಿ ಹರಿಯುತ್ತೆ ದಾದಾ."

"ಹೂಂ. ಹಾಕೋವಾಗ ಹಾಗಂತ ಹೇಳ್ಲಿಲ್ಲ." ಕೋಲಿನಿಂದ ಒಳಗೆ ತೋರಿಸಿದ. "ಹೋಗು, ಅಳೆ. ಸೂರ್ಯ ಬರ್ತಾ ಇದಾನೆ. ನಿನಗೋಸ್ಕರ ಕಾಯಲ್ಲ."

ಇಬ್ಬನಿಯಲ್ಲಿ ಗೂಟದಿಂದ ಗೂಟಕ್ಕೆ ನಡೆದೆ. ಹಳದಿ ಹೂವುಗಳು ಕಂದಾಗಿದ್ದವು. ತೆನೆ ಮುಟ್ಟಿದರೆ ಬೀಜ ಬೆರಳಿಗೆ ಅಂಟುತ್ತಿತ್ತು. ಆ ರಾತ್ರಿಯ ಗೊರಸುಗಳನ್ನು ಬಿಟ್ಟರೆ ಬೇರೆ ಗೊರಸಿನ ಗುರುತು ಎಲ್ಲೂ ಕಾಣಲಿಲ್ಲ. ತಿರುಗಿ ಬಂದಾಗ ಕುರಿಗಳ ಕೂಗು ಜೋರಾಗಿತ್ತು. ಇಶ್ಶು ಎದ್ದು ನಿಂತಿದ್ದ, ಅಗ್ದಾಲ್ ತೆರೆಯುವ ಸನ್ನೆಗೆ ಕೋಲು ಇನ್ನೂ ಮೇಲೆತ್ತಿರಲಿಲ್ಲ.

"ಎಷ್ಟು?" ಎಂದು ಕೇಳಿದ, ನನ್ನ ಮುಖ ನೋಡದೆ.

ಮೂರನೆಯ ಗೂಟದ ಹತ್ತಿರ ನಾಲ್ಕೂವರೆ ಸೆಂಟಿಮೀಟರ್. ಉಳಿದ ಆರು ಗೂಟಗಳ ಸರಾಸರಿ, ಹದಿಮೂರು ಸೆಂಟಿಮೀಟರ್.